ನೋಡದೆಯೂ ತೊಳೆಯಬಹುದು



ಇವತ್ತು ನಾನು ಮಾತಾಡಲಿರುವುದು ಜಳಕದ ಬಗ್ಗೆ. ಜಳಕಕ್ಕೆ ಕೂತಾಗ ಎದೆಯ ಮೇಲೆ, ತೊಡೆಯ ಸಂದಿನಲ್ಲಿ ಕೈ ಹೋಗುವ ಹೊತ್ತಿಗೆ ಮನಸ್ಸು ಮುದುಡಿ, ನಾಲ್ಕು ತಂಬಿಗೆ ನೀರು ಸುರಿದುಕೊಂಡು ಹಾಗೇ ಎದ್ದು ಬರುವವರಿದ್ದಾರಲ್ಲ, ಅವರ ಬಗ್ಗೆ. ನಾರಾಯಣಪೇಟೆಯ ಮಗ್ಗದ ಮನೆಗಳಲ್ಲಿ, ಮಕ್ತಲದ ಓಣಿಗಳಲ್ಲಿ, ಗದ್ವಾಲದ ಹತ್ತಿಬೀಜದ ಹೊಲಗಳಲ್ಲಿ ದುಡಿಯುವವರ ನಡುವೆ ಅಂಥವರಿದ್ದಾರೆ. ಈ ಹೊತ್ತಿಗೆ ಅವರು ರೇಡಿಯೋ ಹಚ್ಚಿದ್ದರೆ, ಈ ಮಾತು ಅವರಿಗೆ. ಅವರ ಅವ್ವ, ಅಣ್ಣ, ಅತ್ತಿಗೆ ಕೇಳುತ್ತಿದ್ದರೆ ಇನ್ನೂ ಒಳ್ಳೆಯದು. ಗುಪ್ತಾಂಗಗಳ ಹೆಸರು ಎತ್ತಲೇಬೇಕಾದ ಕಡೆ ಎತ್ತುತ್ತೇನೆ. ಮಕ್ಕಳು ಜೊತೆಗಿದ್ದರೂ ರೇಡಿಯೋ ಆರಿಸಬೇಡಿ, ಮಕ್ಕಳೂ ತಿಳಿಯಬೇಕಾದ ಸಂಗತಿಯೇ ಇದು.

ಮಗು ಹುಟ್ಟಿದಾಗ ಮೈ ನೋಡಿ ಗಂಡು ಅಥವಾ ಹೆಣ್ಣು ಎನ್ನುತ್ತಾರೆ. ಹೆಚ್ಚಿನವರಿಗೆ ಆ ಮಾತು ಬದುಕಿಡೀ ಒಗ್ಗಿಬಿಡುತ್ತದೆ. ಕೆಲವರಿಗೆ, ಅಂದರೆ ಟ್ರಾನ್ಸ್ ಜನರಿಗೆ, ಒಗ್ಗುವುದಿಲ್ಲ. ತಾನು ಗಂಡು ಎಂದು ಒಳಗೆ ಖಾತ್ರಿಯಿರುವವನಿಗೆ ತಿಂಗಳು ತಿಂಗಳು ಮುಟ್ಟು ಬರುತ್ತದೆ. ತಾನು ಹೆಣ್ಣು ಎಂದು ಬಲ್ಲವಳಿಗೆ ಗಡ್ಡ ಮೂಡುತ್ತದೆ. ಈ ಹೊಂದದಿರುವಿಕೆಯಿಂದ ಹುಟ್ಟುವ ಸಂಕಟವನ್ನು ವೈದ್ಯರು ಜೆಂಡರ್ ಡಿಸ್ಫೋರಿಯಾ ಎನ್ನುತ್ತಾರೆ. ಇದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ, 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಈ ಸ್ಥಿತಿಯನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ಹೊರಗೆ ತೆಗೆದು, ಲೈಂಗಿಕ ಆರೋಗ್ಯದ ಅಧ್ಯಾಯದಲ್ಲಿ ಇಟ್ಟಿದೆ. ಸಂಕಟ ಎಲ್ಲರಿಗೂ ಒಂದೇ ಅಳತೆಯಲ್ಲೂ ಇರುವುದಿಲ್ಲ. ಒಬ್ಬರಿಗೆ ಕನ್ನಡಿ ಕಷ್ಟ, ಇನ್ನೊಬ್ಬರಿಗೆ ತಮ್ಮ ದನಿಯೇ ಕಷ್ಟ. ಬಹಳ ಮಂದಿಗೆ ಬಚ್ಚಲಮನೆ ಕಷ್ಟ, ಯಾಕೆಂದರೆ ಬಟ್ಟೆ ಮುಚ್ಚಿಟ್ಟದ್ದೆಲ್ಲ ಅಲ್ಲಿ ಎದುರಿಗೆ ಬಂದು ನಿಲ್ಲುತ್ತದೆ.

ಈ ನಾಚಿಕೆ ಅವರ ಹೊಟ್ಟೆಯಲ್ಲೇ ಹುಟ್ಟಿದ್ದು ಎಂದು ನಾನು ನಂಬುವುದಿಲ್ಲ. ನಾವಿರುವ ನೆಲದ ಚರಿತ್ರೆಯನ್ನೇ ನೋಡಿ. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಆಚೆ ರಾಯಚೂರು, ಈಚೆ ಮಕ್ತಲ, ಎಲ್ಲ ಸೇರಿ ಹೈದರಾಬಾದ್ ರಾಜ್ಯ. ಆ ರಾಜ್ಯದಲ್ಲಿ ಫಸಲಿ 1329ರಲ್ಲಿ, ಅಂದರೆ 1919ರಲ್ಲಿ, ಹಿಜಡಾ ಸಮುದಾಯದ ಮೇಲೆ ಒಂದು ಕಾನೂನು ಬಂತು. ಅವರ ಹೆಸರು, ವಾಸದ ಜಾಗ ದಫ್ತರಿನಲ್ಲಿ ದಾಖಲಾಗಬೇಕು. ಹೆಣ್ಣಿನ ಉಡುಪು, ಒಡವೆ ತೊಟ್ಟು ಬೀದಿಯಲ್ಲಿ ಕಂಡರೆ ವಾರಂಟು ಇಲ್ಲದೆ ಹಿಡಿಯಬಹುದು. ನಿಜಾಮರು ಹೋದರು, ರಾಜ್ಯಗಳು ಒಡೆದು ಕೂಡಿದವು, ಆ ಕಾನೂನು ಮಾತ್ರ ತೆಲಂಗಾಣದ ಪುಸ್ತಕದಲ್ಲಿ ಉಳಿದೇ ಇತ್ತು. ಟ್ರಾನ್ಸ್ ಹೋರಾಟಗಾರ್ತಿ ವೈಜಯಂತಿ ವಸಂತ ಮೊಗ್ಲಿ ಮತ್ತಿತರರು ಅದರ ವಿರುದ್ಧ ಹೈಕೋರ್ಟಿಗೆ ಹೋದರು. 2023ರ ಜುಲೈಯಲ್ಲಿ ತೆಲಂಗಾಣ ಹೈಕೋರ್ಟು ಅದನ್ನು ಸಂವಿಧಾನಬಾಹಿರವೆಂದು ರದ್ದು ಮಾಡಿತು. ಉಡುಪಿಗಾಗಿ ಹಿಡಿಯುವ ಊರಿನಲ್ಲಿ ಮೂರು ನಾಲ್ಕು ತಲೆಮಾರು ಬದುಕಿದವರು ಅಡಗುವುದನ್ನು ಕಲಿಯುತ್ತಾರೆ. ದವಾಖಾನೆಯಿಂದ ಅಡಗುತ್ತಾರೆ, ಸಾರ್ವಜನಿಕ ಶೌಚಾಲಯದಿಂದ ಅಡಗುತ್ತಾರೆ. ಕೊನೆಗೆ ತಮ್ಮ ಮೈಯಿಂದಲೂ.

ಮೈಯಿಂದ ಅಡಗಿದರೆ ಏನಾಗುತ್ತದೆ ಎಂಬುದನ್ನು ತೆಲಂಗಾಣ-ಕರ್ನಾಟಕ ಗಡಿಯ ಎರಡೂ ಕಡೆಯ ಹೆಣ್ಣುಮಕ್ಕಳ ರೋಗಗಳನ್ನು ನೋಡುವ ವೈದ್ಯೆಯಾಗಿ ನಾನು ಕಂಡಿದ್ದೇನೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರು ತೊಡೆಸಂದಿನಲ್ಲಿ, ಎದೆಯ ಕೆಳಗೆ ನಿಲ್ಲುತ್ತದೆ. ಅಲ್ಲಿ ಹುಳುಕಡ್ಡಿ ಹತ್ತುತ್ತದೆ, ಉಂಗುರದಂತೆ ಕೆಂಪಗೆ ಹರಡಿ ರಾತ್ರಿಯಿಡೀ ತುರಿಸುತ್ತದೆ. ತೋರಿಸಲು ನಾಚಿಕೆ, ಆದ್ದರಿಂದ ಔಷಧಿ ಅಂಗಡಿಯಲ್ಲಿ ಕೇಳಿದ ಟ್ಯೂಬು. ಅದರಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಎರಡು ದಿನ ತುರಿಕೆ ನಿಂತಂತಾಗಿ, ಆಮೇಲೆ ಶಿಲೀಂಧ್ರ ಇಮ್ಮಡಿ ಹಬ್ಬುತ್ತದೆ, ಚರ್ಮ ತೆಳ್ಳಗಾಗಿ ಬಿರುಕು ಬಿಡುತ್ತದೆ. ವರ್ಷಗಟ್ಟಲೆ ಆ ಟ್ಯೂಬಿನ ಸಹವಾಸದಲ್ಲಿದ್ದು ಬರುವವರನ್ನು ವಾಸಿ ಮಾಡುವುದು ಬಹಳ ಕಷ್ಟ. ಮೊದಲೇ ಬಂದಿದ್ದರೆ ಕೆಲವೇ ವಾರಗಳ ಔಷಧದ ಕೆಲಸ.

ಹೀಗೆ ಬಂದವರಿಗೆ ಡಾಕ್ಟರುಗಳು ಸಾಮಾನ್ಯವಾಗಿ ಹೇಳುವ ಮಾತು, ನಿಮ್ಮ ದೇಹವನ್ನು ನೀವು ಒಪ್ಪಿಕೊಳ್ಳಿ, ಎಲ್ಲ ಸರಿಹೋಗುತ್ತದೆ ಎಂದು. ನಾನು ಹಾಗೆ ಹೇಳುವುದಿಲ್ಲ. ಒಪ್ಪಿಗೆ ಬರುವಾಗ ಬರಲಿ, ಬಾರದೆಯೂ ಇರಲಿ. ತೊಳೆಯುವುದಕ್ಕೆ ಒಪ್ಪಿಗೆ ಬೇಕಿಲ್ಲ, ನೋಡುವುದೂ ಬೇಕಿಲ್ಲ. ತಲೆಗೆ ಸೀಗೆಕಾಯಿ ಹಚ್ಚಿದಾಗ ನಾವೆಲ್ಲ ಕಣ್ಣು ಮುಚ್ಚಿಕೊಂಡೇ ತೊಳೆಯುತ್ತೇವಲ್ಲ, ಹಾಗೆಯೇ ಈ ಭಾಗಗಳನ್ನೂ ತೊಳೆಯಬಹುದು. ಬಚ್ಚಲಮನೆಯ ಬಲ್ಬು ಆರಿಸಿ, ಕಿಂಡಿಯ ಬೆಳಕು ಸಾಕು; ಕಾಲು ಜಾರದಂತೆ ನೋಡಿಕೊಳ್ಳಿ, ಅಷ್ಟೇ. ಕನ್ನಡಿ ಇದ್ದರೆ ಮೇಲೊಂದು ಟವೆಲ್ ಹಾಕಿ. ಲುಂಗಿ ಉಟ್ಟು ಅಥವಾ ಪರಕಾರವನ್ನು ಎದೆಗೆ ಕಟ್ಟಿಕೊಂಡು ಜಳಕ ಮಾಡಿ. ಕೃಷ್ಣೆ, ಭೀಮೆ, ತುಂಗಭದ್ರೆಯ ದಂಡೆಗಳಲ್ಲಿ ನಮ್ಮ ಹೆಂಗಸರು ತಲೆತಲಾಂತರದಿಂದ ಉಟ್ಟ ಸೀರೆಯಲ್ಲೇ ಮೈ ತೊಳೆದುಕೊಂಡು ಬಂದವರು. ಜಳಕ ಮುಗಿದ ಕೂಡಲೇ ಆ ಒದ್ದೆ ಬಟ್ಟೆ ತೆಗೆದು ಮೈ ಒರೆಸಿಕೊಳ್ಳಬೇಕು, ಅದೊಂದನ್ನು ಮರೆಯಬಾರದು.

ಬರಿಗೈ ತಾಗುವುದೇ ಕಷ್ಟವೆಂದರೆ ಕೈಗೆ ಬಟ್ಟೆ ಹಾಕಿಕೊಳ್ಳಿ. ಹಳೆಯ ನಾರಾಯಣಪೇಟೆ ಹತ್ತಿ ಸೀರೆ ಒಗೆದು ಒಗೆದು ಎಷ್ಟು ಮೆತ್ತಗಾಗಿರುತ್ತದೆ ಎಂದು ನಿಮಗೆ ಗೊತ್ತು. ಅದರ ತುಂಡನ್ನು ಅಂಗೈ ಹಿಡಿಸುವಷ್ಟು ಚೀಲವಾಗಿ ಹೊಲಿದರೆ ಕೈಚೀಲ ಸಿದ್ಧ. ಅಂಥವು ಎರಡಿರಲಿ, ಒಂದು ಬಳಸಿದರೆ ಇನ್ನೊಂದು ಬಿಸಿಲಿನಲ್ಲಿ ಒಣಗಲಿ. ಸುಮ್ಮನೆ ತಂಬಿಗೆಯಿಂದ ನೀರು ಬಿಡುವುದು, ಪೈಪಿನ ನೀರು ಹಾಯಿಸುವುದು ಕೂಡ ಬಹಳ ಮಟ್ಟಿಗೆ ಕೆಲಸ ಮಾಡುತ್ತದೆ. ತೊಳೆಯುವ ಕ್ರಮವನ್ನು ಮೊದಲೇ ಗೊತ್ತುಮಾಡಿಕೊಳ್ಳಿ: ಮುಖ, ಕೈ, ಕಂಕುಳು, ಆಮೇಲೆ ಆ ಭಾಗ, ಆಮೇಲೆ ಬೆನ್ನು, ಪಾದ. ಕಷ್ಟದ ಜಾಗ ನಡುವಿನಲ್ಲಿ ಬಂದು ಹೋಗುತ್ತದೆ, ಜಳಕ ಮುಗಿಯುವುದು ಹಿತವಾದ ಕಡೆ. ಆ ಭಾಗಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಬೇಡ. ಹಾಡು ಹಚ್ಚಿಕೊಳ್ಳಿ. ಪಾಠಪುಸ್ತಕದ ಅಂಗದ ಹೆಸರುಗಳು ಮನಸ್ಸಿಗೆ ಚುಚ್ಚುವುದಾದರೆ ನಿಮಗೆ ಹಿತವೆನಿಸುವ ಹೆಸರಿಟ್ಟುಕೊಳ್ಳಿ, ನಮ್ಮಂಥ ಡಾಕ್ಟರಿಗೂ ಅದೇ ಹೆಸರು ಹೇಳಿ. ತೀರಾ ಆಗದ ದಿನವೂ ಬರುತ್ತದೆ. ಆ ದಿನ ಒದ್ದೆ ಬಟ್ಟೆಯಿಂದ ಸಂದುಗಳನ್ನು ಒರೆಸಿ, ಒಣಬಟ್ಟೆಯಿಂದ ಒತ್ತಿ, ಒಗೆದ ಚಡ್ಡಿ ಹಾಕಿಕೊಂಡರೆ ಆ ದಿನಕ್ಕೆ ಅಷ್ಟು ಸಾಕು. ಜಳಕ ತಪ್ಪಿತೆಂದು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ಇನ್ನು ತೊಳೆಯುವುದು ಹೇಗೆ ಎಂಬುದು. ಯೋನಿ ಇರುವ ದೇಹದಲ್ಲಿ ಒಳದಾರಿ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಅಲ್ಲಿ ಉಪಕಾರಿ ಸೂಕ್ಷ್ಮಜೀವಿಗಳಿವೆ, ಅವು ಹುಟ್ಟಿಸುವ ಹುಳಿಗುಣವೇ ಕಾವಲು. ಒಳಗೆ ನೀರು ಹಾಯಿಸಿದರೆ, ಸೋಪು, ಡೆಟಾಲು, ನಿಂಬೆರಸ ಹಾಕಿದರೆ ಆ ಕಾವಲು ಹೋಗುತ್ತದೆ. ಹೊರಗಿನ ಮಡಿಕೆಗಳನ್ನಷ್ಟೇ ನೀರಿನಲ್ಲಿ ತೊಳೆದರೆ ಸಾಕು. ಅಂದರೆ, ಒಳಗೆ ಮುಟ್ಟಲು ಮನಸ್ಸಾಗದವರು ಮುಟ್ಟದೇ ಇರುವುದೇ ಸರಿಯಾದ ವೈದ್ಯ ಸಲಹೆ. ಈ ಮಾತು ಕೇಳಿ ನಿಟ್ಟುಸಿರು ಬಿಟ್ಟವರನ್ನು ನಾನು ನೋಡಿದ್ದೇನೆ. ಶೌಚದ ನಂತರ ತೊಳೆಯುವಾಗ ಕೈ ಮುಂದಿನಿಂದ ಹಿಂದಕ್ಕೆ ಹೋಗಬೇಕು, ಹಿಂದಿನಿಂದ ಮುಂದಕ್ಕೆ ಬಂದರೆ ಮಲದ ರೋಗಾಣು ಮೂತ್ರದ ದಾರಿಗೆ ಸೇರುತ್ತದೆ.

ಶಿಶ್ನವಿರುವ ದೇಹದಲ್ಲಿ ಮುಂದೊಗಲಿನ ಒಳಗೆ ಬಿಳಿಯ ಜಿಡ್ಡು ಕೂಡುತ್ತದೆ. ದಿನಕ್ಕೊಮ್ಮೆ ಚರ್ಮವನ್ನು ಮೆಲ್ಲಗೆ ಹಿಂದೆ ಸರಿಸಿ, ನೀರು ಬಿಟ್ಟು, ಒರೆಸಿ, ಮತ್ತೆ ಮುಂದೆ ತರಬೇಕು. ಹಿಂದೆಯೇ ಬಿಟ್ಟರೆ ಬಾವು ಬಂದು ಸಿಕ್ಕಿಕೊಳ್ಳಬಹುದು. ಹಾಗಾದರೆ ತಡಮಾಡದೆ ದವಾಖಾನೆಗೆ ಹೋಗಬೇಕು. ಸರಿಯದಿದ್ದರೆ ಬಲವಂತ ಬೇಡ. ಕೂದಲನ್ನು ಬ್ಲೇಡಿನಿಂದ ಬೋಳಿಸುವುದಕ್ಕಿಂತ ಕತ್ತರಿಯಿಂದ ಗಿಡ್ಡ ಮಾಡುವುದು ಮೇಲು. ಬೋಳಿಸಿದಲ್ಲಿ ಗೀರು, ಗುಳ್ಳೆ ಏಳುತ್ತವೆ.

ಗಂಡಾಗಿ ಬದುಕುತ್ತಿರುವವನಿಗೆ ಮುಟ್ಟಿನ ದಿನಗಳಷ್ಟು ಕಠಿಣವಾದದ್ದು ಬೇರಿಲ್ಲ. ಇಂಥ ಹುಡುಗರು ಪ್ಯಾಡು ಕೊಳ್ಳಲು ಅಂಗಡಿಗೆ ಹೋಗಲಾರರು, ಹಾಕಿಕೊಂಡದ್ದನ್ನು ಬದಲಿಸಲು ಗಂಡಸರ ಶೌಚಾಲಯದಲ್ಲಿ ಜಾಗವಿಲ್ಲ, ಬಿಸಾಡಲು ಅಲ್ಲಿ ಬುಟ್ಟಿ ಇರುವುದಿಲ್ಲ. ಬೆಳಿಗ್ಗೆ ಹಾಕಿದ್ದು ರಾತ್ರಿಯವರೆಗೂ ಇರುತ್ತದೆ. ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸಬೇಕು. ಬಾಕ್ಸರ್ ಚಡ್ಡಿಗೆ ಪ್ಯಾಡು ನಿಲ್ಲುವುದಿಲ್ಲ, ಒಳಗೆ ಬಿಗಿಯಾದ ಹತ್ತಿಯ ಬ್ರೀಫು ಹಾಕಿ. ಜೇಬಿನಲ್ಲಿ ಪೇಪರು, ಒಂದು ಜಿಪ್ಪಿನ ಚೀಲ ಇರಲಿ, ಸುತ್ತಿಟ್ಟುಕೊಂಡು ಮನೆಗೆ ತಂದು ಬಿಸಾಡಿ. ಮುಟ್ಟಿನ ಕಪ್ಪು ಒಳಗಿಡಲು ಒಗ್ಗುವವರಿಗೆ ದೊಡ್ಡ ಅನುಕೂಲ, 12 ತಾಸಿನವರೆಗೆ ಇರುತ್ತದೆ. ಒಗ್ಗದವರಿಗೆ ಅದರ ಉಸಾಬರಿ ಬೇಡ. ಮನೆಯಲ್ಲಿ ಅಕ್ಕನೋ ತಂಗಿಯೋ ಪ್ಯಾಡು ತರುವಾಗ ಇವನಿಗೂ ಒಂದು ಪೊಟ್ಟಣ ತಂದು, ಮಾತಿಲ್ಲದೆ ಅವನ ಟ್ರಂಕಿನ ಮೇಲಿಟ್ಟರೆ ಅದು ದೊಡ್ಡ ಉಪಕಾರ. ಮುಟ್ಟನ್ನೇ ನಿಲ್ಲಿಸುವ ಔಷಧಗಳೂ ಇವೆ. ವೈದ್ಯರನ್ನು ಕೇಳಬಹುದು ಎಂಬುದೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುವವರಲ್ಲಿ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಮುಟ್ಟು ನಿಲ್ಲುತ್ತದೆ. ಆದರೆ ಯೋನಿಯ ಒಳಚರ್ಮ ತೆಳುವಾಗಿ ಒಣಗುತ್ತದೆ, ಉರಿ ಬರುತ್ತದೆ, ಸೋಂಕು ಸುಲಭವಾಗುತ್ತದೆ. ಕೊಳೆಯಿಂದ ಆಯಿತೆಂದುಕೊಂಡು ಇನ್ನಷ್ಟು ಸೋಪು ಹಚ್ಚಿ ಉಜ್ಜಿದರೆ ಉರಿ ಹೆಚ್ಚುತ್ತದೆ. ಇದಕ್ಕೆ ಹಚ್ಚುವ ಮುಲಾಮಿದೆ, ಅದು ಮೈಯಲ್ಲಿ ಸೇರುವುದು ಅತ್ಯಲ್ಪ, ಗಡ್ಡ ದನಿಗಳ ಬದಲಾವಣೆಯನ್ನು ಅಳಿಸುವುದಿಲ್ಲ. ಮುಟ್ಟು ನಿಂತರೂ ಬಸಿರಾಗಬಹುದೆಂಬುದೂ ನೆನಪಿರಲಿ, ಟೆಸ್ಟೋಸ್ಟೆರಾನ್ ಗರ್ಭನಿರೋಧಕವಲ್ಲ.

ಎದೆ ಮುಚ್ಚಲು ಕ್ರೇಪ್ ಬ್ಯಾಂಡೇಜು ಸುತ್ತಿಕೊಳ್ಳುವವರಿಗೆ ನನ್ನದು ಕಳಕಳಿಯ ಬೇಡಿಕೆ. ಅದನ್ನು ಬಿಡಿ. ಉಸಿರೆಳೆದಷ್ಟೂ ಅದು ಬಿಗಿಯುತ್ತದೆ, ಪಕ್ಕೆಲುಬಿಗೆ ಪೆಟ್ಟು. ಸರಿಯಾದ ಅಳತೆಯ ಬೈಂಡರೋ ಬಿಗಿ ಬನಿಯನ್ನೋ ಆದರೂ ದಿನಕ್ಕೆ ಎಂಟು ತಾಸು ಮೀರಬಾರದು, ಹಾಕಿಕೊಂಡು ಮಲಗಬಾರದು. ದಿನವಿಡೀ ಗುಂಡಿಮಗ್ಗದಲ್ಲಿ ಕೂತು ನೇಯುವವನಿಗೆ, ಬಿಸಿಲಿನಲ್ಲಿ ಹತ್ತಿಯ ಹೂವಿಗೆ ಹೂವು ಮುಟ್ಟಿಸುವ ಕೆಲಸದವನಿಗೆ ಎಂಟು ತಾಸೂ ಹೆಚ್ಚೇ. ನಡುವೆ ಒಮ್ಮೆ ಬಿಚ್ಚಿ, ಬೆವರು ಒರೆಸಿ, ಒಣ ಬನಿಯನ್ ಹಾಕಿ. ಹಾಗೆಯೇ, ಮುಂಭಾಗ ಸಪಾಟು ಕಾಣಲೆಂದು ಹಿಂದಕ್ಕೆ ಒತ್ತಿ ಕಟ್ಟುವ ಹೆಣ್ಣುಮಕ್ಕಳು ಅಂಟುಪಟ್ಟಿ ಹಚ್ಚಬಾರದು, ಬಿಗಿ ಒಳಚಡ್ಡಿ ಸಾಕು. ಮರಗಟ್ಟಿದರೆ, ನೋವಾದರೆ ಆಗಲೇ ಬಿಡಿಸಿ. ರಾತ್ರಿ ಪೂರ್ತಿ ಗಾಳಿಯಾಡಲಿ.

ಹತ್ತಿಯ ಹೊಲದ ಮಾತು ಬಂತು. ಗದ್ವಾಲದ ನಡಿಗಡ್ಡೆಯಲ್ಲಿ, ಅಂದರೆ ಕೃಷ್ಣೆ ತುಂಗಭದ್ರೆಯರ ನಡುವಿನ ಸೀಮೆಯಲ್ಲಿ, ಬೀಜದ ಹತ್ತಿಯ ಕೆಲಸಕ್ಕೆ ಬರುವವರು ಬೆಳಗಿನಿಂದ ಹೊಲದಲ್ಲಿರುತ್ತಾರೆ. ಹೆಂಗಸರು ಒಂದು ಮರೆಗೆ ಹೋಗುತ್ತಾರೆ, ಗಂಡಸರು ಬದುವಿಗೆ. ಟ್ರಾನ್ಸ್ ಜನ ಎಲ್ಲಿಗೆ ಹೋಗಬೇಕು? ನೀರನ್ನೇ ಕುಡಿಯುವುದಿಲ್ಲ. ಕುಡಿದರೂ ಸಂಜೆಯವರೆಗೆ ಬಿಗಿಹಿಡಿಯುತ್ತಾರೆ. ಬಸ್ ನಿಲ್ದಾಣದಲ್ಲೂ ಇದೇ ಕಥೆ: ಒಂದು ಬಾಗಿಲಲ್ಲಿ ಬೈಗುಳ, ಇನ್ನೊಂದರಲ್ಲಿ ಹೊಡೆತದ ಭಯ. ಇಲ್ಲಿ ನಾನು ಬಹಳ ಖಚಿತವಾಗಿ ಹೇಳುತ್ತೇನೆ, ಇವರ ಮೂತ್ರದ ಸೋಂಕಿಗೆ ಕೊಳೆಗಿಂತ ದೊಡ್ಡ ಕಾರಣ ಈ ಬಿಗಿಹಿಡಿಯುವಿಕೆ. ಎಷ್ಟು ಸೋಪು ಹಚ್ಚಿದರೂ ಅದು ಹೋಗದು. ಹೊಲದ ಒಡೆಯರು ನಾಲ್ಕು ಗಳ ನೆಟ್ಟು ಗೋಣಿತಟ್ಟು ಕಟ್ಟಿ, ಒಬ್ಬೊಬ್ಬರೇ ಹೋಗಿಬರುವಂಥ ಮರೆ ಮಾಡಿಸಿದರೆ ಹೆಣ್ಣಾಳು, ಗಂಡಾಳು, ಇವರು, ಎಲ್ಲರಿಗೂ ಆಯಿತು. ಖರ್ಚು ಅರ್ಧ ದಿನದ ಕೂಲಿಯಷ್ಟೂ ಆಗದು.

ನಿರ್ವಾಣ, ಅಂದರೆ ಹಿಜಡಾ ಸಮುದಾಯದಲ್ಲಿ ಅಂಗ ತೆಗೆಸುವ ವಿಧಿ, ಮಾಡಿಸಿಕೊಂಡವರಿಗೆ ಬೇರೆಯೇ ಮಾತಿದೆ. ಕಲಿಯದ ಕೈಗಳಿಂದ ಆದ ಕೊಯ್ತದಲ್ಲಿ ಮೂತ್ರದ ರಂಧ್ರ ಕಾಲಕ್ರಮೇಣ ಕಿರಿದಾಗುತ್ತದೆ. ಧಾರೆ ಸಣ್ಣಗಾಗುತ್ತದೆ, ಚದುರಿ ಚಿಮ್ಮುತ್ತದೆ, ತೊಡೆ ನೆನೆಯುತ್ತದೆ, ಆ ಒದ್ದೆಯಿಂದ ಹುಣ್ಣು. ಇದನ್ನು ಹಣೆಬರಹವೆಂದು ಸುಮ್ಮನಿರಬೇಡಿ, ಮೂತ್ರರೋಗದ ಡಾಕ್ಟರು ರಂಧ್ರವನ್ನು ಹಿಗ್ಗಿಸಬಲ್ಲರು. ಪ್ರತಿ ಬಾರಿ ಮೂತ್ರಕ್ಕೆ ಹೋದ ಮೇಲೆ ನೀರು ಹಾಕಿ ಒತ್ತಿ ಒರೆಸಿ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ಯೋನಿ ಮಾಡಿಸಿಕೊಂಡವರಿಗೆ ನಾನು ಆಗ ಹೇಳಿದ ನಿಯಮ ಹೊಂದುವುದಿಲ್ಲ. ಚರ್ಮದಿಂದ ಮಾಡಿದ ಒಳದಾರಿ ತಾನಾಗಿ ಶುಚಿಯಾಗದು. ಸರ್ಜನ್ನರು ಹೇಳಿಕೊಟ್ಟ ರೀತಿಯಲ್ಲಿ, ಹೇಳಿದಷ್ಟು ಸಲ ಒಳಗೂ ತೊಳೆಯಬೇಕು, ಹಿಗ್ಗಿಸುವ ಸಾಧನವನ್ನು ಸೋಪು ನೀರಿನಲ್ಲಿ ತೊಳೆದಿಡಬೇಕು.

ಯಾವಾಗ ದವಾಖಾನೆಗೆ? ಮೂತ್ರದಲ್ಲಿ ಉರಿ, ರಕ್ತ, ಚಳಿಜ್ವರದೊಂದಿಗೆ ಸೊಂಟದ ಮೇಲ್ಭಾಗದಲ್ಲಿ ನೋವು, ನಾರುವ ಸ್ರಾವ, ವಾಸಿಯಾಗದ ಹುಣ್ಣು ಇದ್ದರೆ ಕಾಯಬೇಡಿ. ಮೂತ್ರ ಪೂರ್ತಿ ಕಟ್ಟಿದರೆ ಅದೇ ತಾಸಿನಲ್ಲಿ ಹೊರಡಿ. ಮಕ್ತಲದವರಿಗೆ, ಕೃಷ್ಣಾ ಮಂಡಲದವರಿಗೆ ರಾಯಚೂರಿನ ರಿಮ್ಸ್ ಆಸ್ಪತ್ರೆ ಹತ್ತಿರ. ನಾರಾಯಣಪೇಟೆ, ಗದ್ವಾಲ ಎರಡೂ ಕಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆಯಲ್ಲಿ 2022ರಲ್ಲಿ ಪ್ರಾಚಿ ರಾಥೋಡ್, ರೂತ್ ಜಾನ್ ಪಾಲ್ ಎಂಬ ಇಬ್ಬರು ಟ್ರಾನ್ಸ್ ವೈದ್ಯೆಯರು ಸರ್ಕಾರಿ ಕೆಲಸಕ್ಕೆ ಸೇರಿದರು. ಈ ಸಂಕಟವನ್ನು ತಾವೇ ಬಲ್ಲವರು ಬಿಳಿ ಕೋಟು ತೊಟ್ಟು ಕೂತ ಸುದ್ದಿ ಓದಿ ನನಗೆ ಕಣ್ಣು ತುಂಬಿತ್ತು. ದೇವರಕದ್ರದಿಂದ ಕೃಷ್ಣಾದವರೆಗಿನ ಹೊಸ ಹಳಿ 2023ರಲ್ಲಿ ಪೂರ್ತಿಯಾದ ಮೇಲೆ ಮಕ್ತಲದಿಂದ ಹೈದರಾಬಾದಿನ ಕಾಚಿಗುಡಕ್ಕೆ ರೈಲಿನಲ್ಲೇ ಹೋಗಬಹುದು.

ಭಾಷೆಯ ತೊಡಕೊಂದಿದೆ. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹಳ್ಳಿಗಳವರು ಸಂತೆಯಲ್ಲಿ ತೆಲುಗು ಸಲೀಸಾಗಿ ಆಡಿದರೂ, ತೊಡೆಸಂದಿನ ಮಾತಿಗೆ ಬಂದರೆ ನಾಲಿಗೆ ಏಳುವುದಿಲ್ಲ. ಉರಿಗೆ ಮಂಟ, ತುರಿಕೆಗೆ ದುರದ ಎಂದರೆ ತೆಲುಗು ಡಾಕ್ಟರಿಗೆ ತಿಳಿಯುತ್ತದೆ. ಬಾಯಲ್ಲಿ ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ, ನಿಮ್ಮನ್ನು ಕರೆಯಬೇಕಾದ ಹೆಸರನ್ನೂ ಅದರಲ್ಲಿ ಬರೆಯಿರಿ. ಜೊತೆಗೊಬ್ಬರು ನಂಬಿಕಸ್ತರು ಇರಲಿ. ಪರೀಕ್ಷೆ ಬೇಡವೆನಿಸಿದರೆ ಮೊದಲು ಮೂತ್ರಪರೀಕ್ಷೆಯಿಂದ ಶುರುಮಾಡಿ ಎಂದು ಕೇಳಬಹುದು. ಸ್ರಾವದ ಮಾದರಿಯನ್ನು ಹತ್ತಿಕಡ್ಡಿಯಲ್ಲಿ ನೀವೇ ತೆಗೆದುಕೊಡಬಹುದು.

ನನ್ನ ಸಹೋದ್ಯೋಗಿಗಳಿಗೆ, ನರ್ಸಮ್ಮಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಒಂದು ಮಾತು. ಇವರು ಹೊಸ್ತಿಲು ತುಳಿಯುವುದೇ ಬಹಳ ದಿನ ನೋವು ತಿಂದ ಮೇಲೆ. ಹುಳುಕಡ್ಡಿಗೆ ಬಂದವರ ಮದುವೆಯ ಬಗ್ಗೆ, ಆಪರೇಷನ್ ಬಗ್ಗೆ ಕೇಳಬೇಡಿ. ಬೇಕಾದ ಭಾಗವನ್ನಷ್ಟೇ, ಒಪ್ಪಿಗೆ ಕೇಳಿ, ಪರದೆ ಎಳೆದು ನೋಡಿ. ನೋಡಲು ಪಕ್ಕದ ಕೋಣೆಯವರನ್ನು ಕರೆಯಬೇಡಿ. ಅಂಥ ಒಂದು ದಿನದ ಅವಮಾನ ಅವರನ್ನು ಹತ್ತು ವರ್ಷ ದವಾಖಾನೆಯಿಂದ ದೂರ ಇಡುತ್ತದೆ.

ಮನೆಯವರಿಗೂ ಹೇಳಬೇಕು. ನಮ್ಮ ಕಡೆ ಎಷ್ಟೋ ಬಚ್ಚಲುಗಳಿಗೆ ಬಾಗಿಲಿನ ಬದಲು ಸೀರೆಯ ಪರದೆ. ಒಂದು ತಗಡಿನ ಬಾಗಿಲು, ಒಳಗಿನಿಂದ ಹಾಕುವ ಅಗಳಿ ಮಾಡಿಸಿ. ಜಳಕಕ್ಕೆ ಹೋದವರು ತಡಮಾಡಿದರೆ ಬಾಗಿಲು ಬಡಿಯಬೇಡಿ. ಒಳಬಟ್ಟೆಯನ್ನು ಅಟ್ಟದ ಕತ್ತಲೆಯಲ್ಲಿ ಒಣಹಾಕುವುದನ್ನು ಕಂಡರೆ, ಎಲ್ಲರ ಬಟ್ಟೆಯ ಜೊತೆ ಅಂಗಳದ ಹಗ್ಗಕ್ಕೆ ನೀವೇ ಹಾಕಿ. ಬದುಕೇ ಬೇಡವೆಂಬ ಮಾತು ಅವರ ಬಾಯಲ್ಲಿ ಬಂದರೆ ಗದರಬೇಡಿ, ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ಹಗಲು ರಾತ್ರಿ ಎತ್ತುತ್ತಾರೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು, ತೆಲುಗಿನಲ್ಲೂ ಮಾತಾಡಬಹುದು. ನಂಬರನ್ನು ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.